ಲಾರಿ, ಎಂಟನೇ ಬಿ ಮತ್ತು ಮದುಮಗ

ಫುಟ್‌ಬಾಲ್ ನೋಡುತ್ತೀಯಾ ಎಂದು ಬಾಸ್ ಕೇಳಿದಾಗ ನಾನು ಹೌದು ಎಂದೆ. ದೋಹಾದಲ್ಲಿ ಇದ್ದುಕೊಂಡು ಈ ಪ್ರಶ್ನೆಗೆ ಇಲ್ಲ ಎನ್ನುವವರನ್ನು ನಾನು ನೋಡಿಲ್ಲ. ನಮ್ಮ ಆಫೀಸಿನಲ್ಲಿ ಚಹಾ ತರುವವರಿಂದ ಹಿಡಿದು ಡೈರೆಕ್ಟರ್‌ವರೆಗೆ ಎಲ್ಲರಿಗೂ ಒಂದೊಂದು ತಂಡ ಇದೆ, ಅದು ಸೋತ ಮರುದಿನ ಹಾಕಿಕೊಳ್ಳಲು ಒಂದೊಂದು ಮುಖವೂ ಇದೆ. ಹಾಗಾಗಿ ಬಾಸ್ ‘ನಮ್ಮ ಲೀಗಿಗೆ ಒಬ್ಬರು ಕಡಿಮೆ ಬಿದ್ದಿದ್ದಾರೆ, ನೀನು ಬಾ’ ಎಂದಾಗ ನನಗೆ ಖುಷಿಯೇ ಆಯಿತು. ಅವರು ಅಮೆರಿಕದವರು ಎನ್ನುವುದು ಆ ಕ್ಷಣದಲ್ಲಿ ಹೊಳೆಯಲಿಲ್ಲ.

ಹೊಳೆದದ್ದು ಮೀಟಿಂಗ್ ರೂಮಿನಲ್ಲಿ. ಪರದೆಯ ಮೇಲೆ ಹೆಲ್ಮೆಟ್ ಹಾಕಿಕೊಂಡ ದೈತ್ಯರು ಎರಡು ಸಾಲಾಗಿ ಬಗ್ಗಿ ನಿಂತಿದ್ದರು. ಚೆಂಡು ಮೊಟ್ಟೆಯ ಆಕಾರದಲ್ಲಿತ್ತು, ಅದನ್ನು ಕಾಲಿನಲ್ಲಿ ಒದೆಯುವ ಬದಲು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದವನು ಅಕೌಂಟ್ಸ್ ವಿಭಾಗದ ಗೆಳೆಯ, ಉಡುಪಿ ಕಡೆಯ ಕ್ರಿಶ್ಚಿಯನ್. ಅವನು ನನ್ನ ಕಿವಿಯ ಬಳಿ ಬಗ್ಗಿ, “ಎಂತ ಮಾರಾಯ, ನೀನೂ ಬಿದ್ಯಾ?” ಎಂದ. ಅವನೂ ಇದೇ ಪ್ರಶ್ನೆಗೆ ಹೌದು ಎಂದು ಹೇಳಿ ಹಿಂದಿನ ವರ್ಷವೇ ಬಿದ್ದವನು.

ಲೀಗ್ ಎಂದರೆ ನಾವು ಆಡುವುದೇನೂ ಇಲ್ಲ. ಅಮೆರಿಕದಲ್ಲಿ ನಿಜವಾಗಿ ಆಡುವ ಆಟಗಾರರನ್ನು ನಾವು ಆಫೀಸಿನಲ್ಲಿ ಕೂತು ಹಂಚಿಕೊಳ್ಳಬೇಕು. ಪ್ರತಿ ವಾರ ಅವರು ಅಲ್ಲಿ ಓಡಿದಷ್ಟು ಗಜಗಳಿಗೆ ನಮಗೆ ಇಲ್ಲಿ ಪಾಯಿಂಟ್. ಅವರು ಚೆಂಡನ್ನು ಕೊನೆಯ ಗೆರೆಯಾಚೆ ಮುಟ್ಟಿಸಿದರೆ ಇನ್ನಷ್ಟು ಪಾಯಿಂಟ್, ಕೈಜಾರಿ ಬೀಳಿಸಿದರೆ ಇದ್ದದ್ದೂ ಕಡಿತ. ಆಟಗಾರರಲ್ಲಿ ಹಲವು ಬಗೆ ಇದ್ದರೂ ಬಾಸ್‌ಗೆ ಪ್ರಾಣವಾದದ್ದು ಒಂದೇ ಬಗೆ, ರನ್ನಿಂಗ್ ಬ್ಯಾಕ್. ಚೆಂಡನ್ನು ಕೈಗೆ ಕೊಟ್ಟ ಕೂಡಲೇ ಎದುರಿನ ಜನಜಂಗುಳಿಗೆ ನುಗ್ಗಿ ಓಡುವವನು ಅವನು. ಎಸೆಯುವವರ ಬಗ್ಗೆ, ಹಿಡಿಯುವವರ ಬಗ್ಗೆ ಯಾರು ಬೇಕಾದರೂ ಮಾತಾಡಬಹುದು, ಓಡುವವನನ್ನು ಅಳೆಯುವುದರಲ್ಲೇ ಮನುಷ್ಯನ ಯೋಗ್ಯತೆ ಗೊತ್ತಾಗುತ್ತದೆ ಎನ್ನುವುದು ಅವರ ನಂಬಿಕೆ. ಆದ್ದರಿಂದ ಹಂಚಿಕೆಗೆ ಮೊದಲು ಪ್ರತಿಯೊಬ್ಬರೂ ರನ್ನಿಂಗ್ ಬ್ಯಾಕ್‌ಗಳಿಗೆಲ್ಲ ರ್‍ಯಾಂಕ್ ಕೊಟ್ಟು, ಗುರುವಾರ ಊಟದ ಹೊತ್ತಿನಲ್ಲಿ ಎಲ್ಲರೆದುರು ಅದಕ್ಕೆ ಕಾರಣ ಹೇಳಬೇಕು ಎಂದು ವಿಧಿಸಿದರು.

ನನ್ನ ಕೆಲಸ ಕಟ್ಟಡಗಳ ನಕ್ಷೆಗಳಿಗೆ ನಂಬರ್ ಹಾಕಿ ಜೋಪಾನವಾಗಿ ಇಡುವುದು. ಓಟಕ್ಕೂ ನನಗೂ ಯಾವ ಕಾಲಕ್ಕೂ ಸಂಬಂಧ ಇರಲಿಲ್ಲ. ಇದನ್ನು ಚೆನ್ನಾಗಿ ಬಲ್ಲವರು ಒಬ್ಬರು ಆಗ ನಮ್ಮ ಮನೆಯಲ್ಲೇ ಇದ್ದರು, ನನ್ನ ಅತ್ತೆ.

ಅತ್ತೆ ಎನ್ನುವುದು ಬರವಣಿಗೆಗೆ ಮಾತ್ರ. ಬಾಯಲ್ಲಿ ನಾನು ಅವರನ್ನು ಟೀಚರ್ ಎಂದೇ ಕರೆಯುವುದು. ಊರಿನ ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಅವರು ನನಗೆ ಪಿ.ಟಿ. ಟೀಚರ್ ಆಗಿದ್ದರು. ಮುಂದೆ ನಾನು ಅವರ ಮಗಳನ್ನೇ ಮದುವೆಯಾದೆ. ಮಂಟಪದಲ್ಲಿ ಪುರೋಹಿತರು ಅವರ ಕಾಲಿಗೆ ಬೀಳು ಎಂದಾಗ ನಾನು ಹೆದರಿ ಮೊದಲು ಅಟೆನ್ಷನ್‌ನಲ್ಲಿ ನಿಂತೆ ಎಂದು ನನ್ನ ಹೆಂಡತಿ ಈಗಲೂ ಜನರಿಗೆ ಹೇಳುತ್ತಾಳೆ. ಶಾಲೆಯಲ್ಲಿ ಟೀಚರ್ ನನ್ನನ್ನು ಯಾವ ಟೀಮಿಗೂ ಸೇರಿಸಿದವರಲ್ಲ. ಕಬಡ್ಡಿ ಆಡುವಾಗ ಆಟಗಾರರ ಚಪ್ಪಲಿ ಕಾಯುವ ಕೆಲಸ ನನ್ನದು. ಮನೆಯಲ್ಲಿ ನಾವೆಲ್ಲ ತುಳುವಿನವರಾದರೂ ನನ್ನ ಜೊತೆ ಮಾತ್ರ ಟೀಚರ್‌ಗೆ ಶಾಲೆಯ ಕನ್ನಡವೇ ಬರುತ್ತದೆ, ನನಗೂ ಅಷ್ಟೇ.

ರಿಟೈರ್ ಆದ ಮೇಲೆ ವಿಸಿಟ್ ವೀಸಾದಲ್ಲಿ ಕೆಲವು ತಿಂಗಳ ಮಟ್ಟಿಗೆ ಅವರು ಬಂದಿದ್ದರು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಅವಳ ಡ್ಯೂಟಿ ದಿನಕ್ಕೊಂದು ಹೊತ್ತು. ಅಲ್ ಹಿಲಾಲ್‌ನ ನಮ್ಮ ಫ್ಲ್ಯಾಟಿನಲ್ಲಿ ಸಂಜೆ ಹೊತ್ತು ಬಹಳ ಸಲ ಉಳಿಯುತ್ತಿದ್ದವರು ನಾನು ಮತ್ತು ಟೀಚರ್. ಅವರು ಬಂದ ವಾರದಲ್ಲೇ ಕಾಲೊನಿಯ ಸುತ್ತ ವಾಕಿಂಗ್ ಹೋಗುವ ಹೆಂಗಸರನ್ನೆಲ್ಲ ಸಾಲಾಗಿ, ಒಂದೇ ಹೆಜ್ಜೆಯಲ್ಲಿ ನಡೆಯುವ ಹಾಗೆ ಮಾಡಿದ್ದರು. ನನ್ನ ಮೇಲೆ ಇನ್ನೂ ಕೈಹಾಕಿರಲಿಲ್ಲ, ಅಷ್ಟೇ.

ಒಂದು ಸಂಜೆ ನಾನು ಟಿ.ವಿ.ಯಲ್ಲಿ ರನ್ನಿಂಗ್ ಬ್ಯಾಕ್‌ಗಳ ವೀಡಿಯೋ ಹಾಕಿಕೊಂಡು ಪೆಚ್ಚಾಗಿ ಕೂತಿದ್ದೆ. ಟೀಚರ್ ಬೀನ್ಸ್ ಮುರಿಯುತ್ತಾ ಬಂದು ಪಕ್ಕದಲ್ಲಿ ಕುಳಿತರು.

“ಇದೆಂತ ಗಲಾಟೆ?”

ನನಗೆ ತಿಳಿದಷ್ಟು ವಿವರಿಸಿದೆ. ಅವರು ಅರ್ಧ ಕೇಳಿ ಕೈ ಎತ್ತಿದರು.

“ಸಾಕು. ಇದು ಕಬಡ್ಡಿ. ಇವರು ಹೆಲ್ಮೆಟ್ ಹಾಕಿದ್ದಾರೆ, ಅಷ್ಟೇ. ಆ ದಪ್ಪದವನನ್ನು ಇನ್ನೊಮ್ಮೆ ತೋರಿಸು.”

ದಪ್ಪದವನನ್ನು ತೋರಿಸಿದೆ. ಅವನು ಚೆಂಡು ಹಿಡಿದು ನೇರವಾಗಿ ನುಗ್ಗಿದ. ಒಬ್ಬ ಸೊಂಟಕ್ಕೆ ಬಿದ್ದ, ಇನ್ನೊಬ್ಬ ಬೆನ್ನಿಗೆ ಹತ್ತಿದ, ಮತ್ತೊಬ್ಬ ಕಾಲಿಗೆ ಜೋತುಬಿದ್ದ. ಅವನು ಎಲ್ಲರನ್ನೂ ಎಳೆದುಕೊಂಡೇ ಮುಂದೆ ಹೋದ. ಟೀಚರ್ ಬೀನ್ಸ್ ಪಾತ್ರೆ ಕೆಳಗಿಟ್ಟರು. ಕಬಡ್ಡಿಯಲ್ಲಿ ಹಿಡಿದವರನ್ನೆಲ್ಲ ಎಳೆದುಕೊಂಡು ಮಧ್ಯದ ಗೆರೆ ಮುಟ್ಟುವ ರೈಡರ್‌ಗಿಂತ ದೊಡ್ಡವರು ಅವರ ಲೆಕ್ಕದಲ್ಲಿ ದೇವರು ಮಾತ್ರ.

“ಇವನು ಲಾರಿ,” ಎಂದರು. “ಇವನಿಗೆ ಫಸ್ಟ್.”

ಆಟಗಾರರ ಹೆಸರುಗಳು ಟೀಚರ್‌ಗೆ ಬಾಯಿಗೆ ಹತ್ತಲಿಲ್ಲ, ನನಗೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ನಮ್ಮ ಮನೆಯಲ್ಲಿ ಅವರಿಗೆ ಬೇರೆಯೇ ನಾಮಕರಣ ಆಯಿತು. ಕುಳ್ಳಗಿದ್ದು, ಜನರ ಕಾಲಿನ ಸಂದಿಯಿಂದಲೂ ನುಸುಳುವವನೊಬ್ಬನಿದ್ದ. ಟೀಚರ್ ಇದ್ದ ಶಾಲೆಯಲ್ಲಿ ಎಂಟನೇ ಬಿ ಸೆಕ್ಷನ್ನಿನ ಒಬ್ಬ ಹುಡುಗ ಪ್ರಾರ್ಥನೆಯ ಹೊತ್ತಿಗೆ ಹೀಗೇ ಸಾಲಿನಿಂದ ಮಾಯವಾಗುತ್ತಿದ್ದನಂತೆ. ಅವನ ನೆನಪಿಗೆ ಈ ಕುಳ್ಳನನ್ನು ಎಂಟನೇ ಬಿ ಎಂದು ಕರೆದು ಎರಡನೇ ರ್‍ಯಾಂಕ್ ಕೊಟ್ಟರು. ಇನ್ನೊಬ್ಬ ಬಹಳ ಚೆಲುವ. ಕುತ್ತಿಗೆಯಲ್ಲಿ ಸರ, ಕೈಗೆ ಬಿಳಿ ಪಟ್ಟಿ, ಬೂಟಿಗೆ ಬಂಗಾರದ ಬಣ್ಣ. ಅವನು ಗಾಳಿಯ ಹಾಗೆ ಓಡುತ್ತಿದ್ದ. ಆದರೆ ಯಾರಾದರೂ ಡಿಕ್ಕಿ ಹೊಡೆಯಲು ಬಂದರೆ ಅಂಗಳದ ಬದಿಯ ಗೆರೆ ದಾಟಿ ಹೊರಗೆ ಹೋಗಿ ಬಿಡುತ್ತಿದ್ದ.

ಟೀಚರ್ ಸ್ವಲ್ಪ ಹೊತ್ತು ನೋಡಿದರು. “ಇವನೆಂತ, ಬಟ್ಟೆಗೆ ಮಣ್ಣಾದೀತು ಅಂತ ಹೊರಗೆ ಹೋಗುದಾ? ಮದುಮಗನ ಹಾಗೆ!”

“ನಿಯಮದಲ್ಲಿ ಅವಕಾಶ ಉಂಟು ಟೀಚರ್.”

“ಕಬಡ್ಡಿಯಲ್ಲಿ ಗೆರೆ ದಾಟಿದ್ರೆ ಔಟ್. ಇವನಿಗೆ ಲಾಸ್ಟ್.”

ನನ್ನ ರ್‍ಯಾಂಕ್ ಪಟ್ಟಿ ಹೀಗೆ ಬೀನ್ಸ್ ಮುರಿದು ಮುಗಿಯುವಷ್ಟರಲ್ಲಿ ತಯಾರಾಯಿತು.

ಗುರುವಾರ ಊಟದ ಹೊತ್ತಿಗೆ ಎಲ್ಲರೂ ತಮ್ಮ ತಮ್ಮ ರ್‍ಯಾಂಕ್ ಹೇಳಿದರು. ಅಕೌಂಟ್ಸ್ ಗೆಳೆಯ ಇಂಟರ್‌ನೆಟ್ಟಿನಿಂದ ಇಳಿಸಿದ ಬಣ್ಣಬಣ್ಣದ ಚಾರ್ಟ್ ತೋರಿಸಿದ. ನನ್ನ ಸರದಿ ಬಂದಾಗ ನಾನು ಲಾರಿಗೆ ಮೊದಲ ಸ್ಥಾನ, ಎಂಟನೇ ಬಿಗೆ ಎರಡು ಎಂದು, ಅವರ ನಿಜವಾದ ಹೆಸರುಗಳನ್ನು ಕಷ್ಟಪಟ್ಟು ಉಚ್ಚರಿಸಿ ಹೇಳಿದೆ. ಕಡೆಯ ಸ್ಥಾನಕ್ಕೆ ಮದುಮಗನ ಹೆಸರು ಹೇಳುತ್ತಿದ್ದ ಹಾಗೇ ಎಲ್ಲರೂ ಬಾಸ್‌ನ ಕಡೆ ತಿರುಗಿದರು. ಗೆಳೆಯ ಮೇಜಿನಡಿ ನನ್ನ ಕಾಲು ತುಳಿದ. ಮದುಮಗ ಆಡುವುದು ಬಾಸ್‌ನ ಊರಿನ ತಂಡಕ್ಕೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಬಾಸ್‌ನ ಮೇಜಿನ ಮೇಲೆ ಅವರ ಮಕ್ಕಳ ಫೋಟೋಕ್ಕಿಂತ ದೊಡ್ಡದಾದ ಒಂದು ಫೋಟೋ ಇತ್ತು. ಅದರಲ್ಲಿದ್ದವನು ಅವರ ತಮ್ಮ ಎಂದು ನಾನು ಅಲ್ಲಿಯವರೆಗೆ ತಿಳಿದುಕೊಂಡಿದ್ದೆ.

“ಕಾರಣ?” ಎಂದು ಬಾಸ್ ಕೇಳಿದರು. ಅವರ ಕೈಯಲ್ಲಿದ್ದ ಸ್ಯಾಂಡ್‌ವಿಚ್ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ.

“ಗೆರೆ ದಾಟಿ ಹೊರಗೆ ಹೋಗುತ್ತಾನೆ ಎಂದು...”

“ಯಾರು ಹೇಳಿದ್ದು ನಿನಗೆ?”

“ನಮ್ಮ ಅತ್ತೆ,” ಎಂದೆ.

ಬಾಸ್ ಸ್ಯಾಂಡ್‌ವಿಚ್ ಕೆಳಗಿಟ್ಟರು. ಆಮೇಲೆ, “ನಾನು ಅವರನ್ನು ಭೇಟಿಯಾಗಬೇಕು,” ಎಂದರು.

ಹಂಚಿಕೆಯಲ್ಲಿ ಬಾಸ್ ಮೊದಲ ಸರದಿಯಲ್ಲೇ ಮದುಮಗನನ್ನು ತಬ್ಬಿಕೊಳ್ಳುವ ಹಾಗೆ ಎತ್ತಿಕೊಂಡರು. ನನಗೆ ಲಾರಿಯೂ ಎಂಟನೇ ಬಿಯೂ ಇಬ್ಬರೂ ಸಿಕ್ಕಿದರು. ಮನೆಯಲ್ಲಿ ಟೀಚರ್ ಅಂದು ಪಾಯಸ ಮಾಡಿದರು.

ಮುಂದಿನ ಶುಕ್ರವಾರ ಬಾಸ್ ಊಟಕ್ಕೆ ಬಂದರು. ಹೆಂಡತಿಗೆ ಅಂದು ರಜೆ ಇತ್ತು. ಅಮೆರಿಕದವರಿಗೆ ಖಾರ ಆಗುವುದಿಲ್ಲ, ಸ್ವಲ್ಪ ಕಡಿಮೆ ಹಾಕುವ ಎಂದು ಅವಳು. ಖಾರ ಇಲ್ಲದ ಕೋರಿ ರೊಟ್ಟಿ ತಿನ್ನಿಸಿ ಅವಮಾನ ಮಾಡುವುದು ಬೇಡ ಎಂದು ಟೀಚರ್. ಟೀಚರ್ ಗೆದ್ದರು. ಬಾಸ್ ಗರಿಗರಿ ರೊಟ್ಟಿಯನ್ನು ಕೋಳಿ ಸಾರಿನಲ್ಲಿ ಮುಳುಗಿಸಿ ತಿಂದರು, ಕಣ್ಣೀರು ಸುರಿಸಿದರು, ಮತ್ತೆ ಬಡಿಸಿಕೊಂಡರು. ಊಟ ಆಗುವವರೆಗೆ ಇಬ್ಬರೂ ಬಹಳ ಮರ್ಯಾದೆಯಲ್ಲಿ ಹವಾಮಾನದ ಬಗ್ಗೆ ಮಾತಾಡಿದರು. ಕೈತೊಳೆದ ಮೇಲೆ ಯುದ್ಧ ಶುರುವಾಯಿತು.

ಬಾಸ್‌ನ ವಾದ ಇಷ್ಟು. ಓಡುವವನು ಗೆರೆ ದಾಟಿ ಹೊರಗೆ ಹೋದರೆ ಪಂದ್ಯದ ಕೊನೆಯ ಹೊತ್ತಿನಲ್ಲಿ ಗಡಿಯಾರ ನಿಲ್ಲುತ್ತದೆ, ತಂಡಕ್ಕೆ ಸಮಯ ಉಳಿಯುತ್ತದೆ. ಮೈಯೂ ಉಳಿಯುತ್ತದೆ. ಅದು ಹೆದರಿಕೆಯಲ್ಲ, ಬುದ್ಧಿ. ನಾನು ಇದನ್ನು ಕನ್ನಡಕ್ಕೆ ತಂದೆ.

“ಬುದ್ಧಿ ಇದ್ದವನು ಪೋಸ್ಟ್ ಆಫೀಸಿಗೆ ಸೇರ್ಲಿ,” ಎಂದರು ಟೀಚರ್. “ಓಟಕ್ಕೆ ಯಾಕೆ ಬಂದದ್ದು?”

ನಾನು ಇಂಗ್ಲಿಷಿನಲ್ಲಿ, “ಬುದ್ಧಿಗೆ ಅವರು ಬಹಳ ಬೆಲೆ ಕೊಡುತ್ತಾರೆ,” ಎಂದೆ.

ಬಾಸ್‌ಗೆ ಸಮಾಧಾನ ಆಗಲಿಲ್ಲ. ಆಡಿ ತೋರಿಸುತ್ತೇನೆ ಎಂದು ಎದ್ದು ಟೀಪಾಯಿಯನ್ನು ಗೋಡೆಗೆ ಸರಿಸಿದರು. ಚೆಂಡು ಬೇಕಲ್ಲ ಎಂದು ಸುತ್ತ ನೋಡಿದಾಗ ಟೀಚರ್ ಅಡುಗೆಮನೆಯಿಂದ ಒಂದು ತೆಂಗಿನಕಾಯಿ ತಂದು ಅವರ ಕೈಗಿಟ್ಟರು. ಬಾಸ್ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಲ್ಕನಿ ಬಾಗಿಲ ಬಳಿ ಬಗ್ಗಿ ನಿಂತರು. ಅವರನ್ನು ತಡೆಯುವ ಕೆಲಸ ನನಗೆ ಬಂತು. ನನ್ನ ಹಿಂದೆ ಷೋಕೇಸು, ಅದರೊಳಗೆ ನಮ್ಮ ಮದುವೆಗೆ ಬಂದ ಗಾಜಿನ ಸಾಮಾನುಗಳು.

ಟೀಚರ್ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದರು. ಬಾಸ್ ಬಂದರು. ಆರಡಿ ಮೀರಿದ ಮನುಷ್ಯ, ಹೊಟ್ಟೆ ತುಂಬ ಕೋರಿ ರೊಟ್ಟಿ. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದಾಗ ಅವರು ಎದುರಿಗೆ ಇರಲಿಲ್ಲ. ಕೊನೆಯ ಗಳಿಗೆಯಲ್ಲಿ ಮದುಮಗನ ಹಾಗೆ ಪಕ್ಕಕ್ಕೆ ತಿರುಗಿ ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋಗಿದ್ದರು. ಒಳಗೆ ನನ್ನ ಹೆಂಡತಿ ಬಿಸಿ ಚಹಾದ ಪಾತ್ರೆ ಹಿಡಿದುಕೊಂಡು ನಿಂತಿದ್ದಳು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೇಳುವ ದನಿಯಲ್ಲಿ ಅವಳು “ಸರ್, ಅಲ್ಲೇ ನಿಲ್ಲಿ,” ಎಂದದ್ದು, ಬಾಸ್ ನಿಂತದ್ದು ಎರಡೂ ಕೇಳಿಸಿತು. ಎರಡನೆಯದು ಫ್ರಿಜ್ಜಿಗೆ ಡಿಕ್ಕಿ ಹೊಡೆದು ನಿಂತದ್ದು.

“ನೋಡಿದಿರಾ? ಗಡಿಯಾರ ನಿಂತಿತು!” ಎಂದರು ಬಾಸ್ ಒಳಗಿನಿಂದ.

“ಔಟ್!” ಎಂದರು ಟೀಚರ್.

ಕಬಡ್ಡಿ ಗೊತ್ತಿಲ್ಲದ ಮನುಷ್ಯನ ಜೊತೆ ವಾದ ಮಾಡಿ ಪ್ರಯೋಜನ ಇಲ್ಲ ಎಂದು ತೀರ್ಮಾನಿಸಿ ಟೀಚರ್ ಅವರಿಗೆ ಅಲ್ಲೇ ಪಾಠ ಶುರುಮಾಡಿದರು. ಅವರ ಇಂಗ್ಲಿಷ್ ಪರೇಡಿನ ಇಂಗ್ಲಿಷ್: ಸ್ಟ್ಯಾಂಡ್, ಬೆಂಡ್, ಗೋ, ನೋ ಟಾಕಿಂಗ್. ಅದು ಬಾಸ್‌ಗೆ ನನ್ನ ತರ್ಜುಮೆಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಬಾಸ್ ಉಸಿರು ಕಟ್ಟಿಕೊಂಡು “ಕಬಾಡಿ, ಕಬಾಡಿ” ಎನ್ನುತ್ತಾ ಕಾರ್ಪೆಟಿನ ಮೇಲೆ ಆಚೀಚೆ ಜಿಗಿಯುತ್ತಿದ್ದರು, ನಾನು ಅವರ ಕಾಲು ಹಿಡಿಯಲು ಹೋಗಿ ಒದೆ ತಿನ್ನುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ಈಜಿಪ್ಟಿನವರು ಬಂದು ನಿಂತಿದ್ದರು, ಅವರ ಮನೆಯ ತೂಗುದೀಪ ಅಲ್ಲಾಡುತ್ತಿದೆಯಂತೆ. ಒಳಗೆ ಇಣುಕಿ ನೋಡಿ, ನಾವು ಜಗಳವಾಡುತ್ತಿದ್ದೇವೆ ಎಂದು ತಿಳಿದು, “ಖಲಾಸ್, ಖಲಾಸ್!” ಎಂದು, ಅಂದರೆ ಸಾಕು ಸಾಕು ಎಂದು, ನನ್ನನ್ನೂ ಬಾಸನ್ನೂ ಬಿಡಿಸಿದರು. ವಿಷಯ ತಿಳಿದ ಮೇಲೆ ಅವರೂ ಕುಳಿತು ಚಹಾ ಕುಡಿದರು. ಆದರೆ ಅವರ ಅಭಿಪ್ರಾಯದಲ್ಲಿ ಯಾವ ಆಟದಲ್ಲೇ ಆಗಲಿ ಗೋಲ್‌ಕೀಪರನೇ ದೊಡ್ಡವನು.

ಸೀಸನ್ ಶುರುವಾಯಿತು. ಲಾರಿ ಮೊದಲ ಪಂದ್ಯದಲ್ಲಿ ಚೆನ್ನಾಗಿ ಓಡಿದ. ಎರಡನೆಯದರಲ್ಲಿ ಅವನ ಪಾದ ಉಳುಕಿ ತಿಂಗಳುಗಟ್ಟಲೆ ಗ್ಯಾರೇಜಿಗೆ ಸೇರಿದ. ಎಂಟನೇ ಬಿ ಎಲ್ಲರ ನಡುವಿನಿಂದ ನುಸುಳಿ ಬರುತ್ತಿದ್ದ, ಚೆಂಡು ಮಾತ್ರ ಅಲ್ಲೇ ಉಳಿಯುತ್ತಿತ್ತು. ಅವನು ಚೆಂಡು ಬೀಳಿಸಿದಾಗಲೆಲ್ಲ ಟೀಚರ್ ಟಿ.ವಿ.ಯ ಹತ್ತಿರ ಹೋಗಿ, “ಮಂಡೆ ಸಮ ಉಂಟಾ ನಿಂಗೆ? ಎರಡು ಕೈ ಕೊಟ್ಟದ್ದು ಯಾಕೆ ದೇವರು?” ಎಂದು ಬೈಯುತ್ತಿದ್ದರು. ನನ್ನ ಟೀಮು ವಾರ ವಾರ ಕೆಳಗಿಳಿಯಿತು. ಬಾಸ್‌ನ ಮದುಮಗ ಗೆರೆ ದಾಟಿಕೊಂಡೇ ರಾಶಿ ರಾಶಿ ಗಜ ಗಳಿಸಿದ. ಇಂಟರ್‌ನೆಟ್ಟಿನ ಚಾರ್ಟ್ ನಂಬಿದ ಗೆಳೆಯ ಎಲ್ಲರಿಗಿಂತ ಮುಂದಿದ್ದ.

ಬಾಸ್ ಪ್ರತಿ ಸೋಮವಾರ ಬೆಳಿಗ್ಗೆ ನನ್ನ ಫೋನಿಗೆ ಮದುಮಗನ ಒಂದು ಫೋಟೋ ಕಳಿಸಿ, ‘ಟೀಚರ್‌ಗೆ ನಮಸ್ಕಾರಗಳೊಂದಿಗೆ’ ಎಂದು ಬರೆಯುತ್ತಿದ್ದರು. ಟೀಚರ್ ಅದಕ್ಕೆ ಉತ್ತರವಾಗಿ ಕನ್ನಡದಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಆಫೀಸಿನಲ್ಲಿ ಬಾಸ್ ಅದನ್ನು ಸ್ಪೀಕರಿನಲ್ಲಿ ಹಾಕುವುದು, ನಾನು ತರ್ಜುಮೆ ಮಾಡುವುದು ಎಂಬ ರೂಢಿ ಬಿತ್ತು. ‘ಅವನಿಗೆ ಬಾಸಿಂಗ ಕಟ್ಟಿ ಮಂಟಪದಲ್ಲಿ ಕೂರಿಸಿ, ಅಂಗಳಕ್ಕೆ ಯಾಕೆ ಬಿಡ್ತೀರಿ’ ಎಂದು ಅವರು ಹೇಳಿದರೆ ನಾನು ‘ಅವನ ಉಡುಪು ಬಹಳ ಅಚ್ಚುಕಟ್ಟು ಎನ್ನುತ್ತಾರೆ’ ಎನ್ನುತ್ತಿದ್ದೆ. ಬಾಸ್ ಖುಷಿಯಿಂದ ತಲೆಯಾಡಿಸುತ್ತಿದ್ದರು. ಒಂದು ವಾರ ಗೆಳೆಯ ಅದೇ ಹೊತ್ತಿಗೆ ಸಹಿಗೆ ಬಂದವನು ಮೆಸೇಜ್ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟ. ಬಾಸ್ ನನ್ನತ್ತ ತಿರುಗಿದರು. ನಾನು ಪ್ರಿಂಟರಿನಲ್ಲಿ ಕಾಗದ ಮುಗಿದಿದೆಯೇ ಎಂದು ನೋಡಲು ಹೋದೆ. ಅಂದಿನಿಂದ ತರ್ಜುಮೆಯ ಕೆಲಸ ಗೆಳೆಯನದಾಯಿತು.

ಹೀಗಿರುವಾಗ ಒಂದು ಸೋಮವಾರ ಬಾಸ್‌ನಿಂದ ಫೋಟೋ ಬರಲಿಲ್ಲ. ಆಫೀಸಿನಲ್ಲಿ ಅವರು ಕುರ್ಚಿ ತಿರುಗಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಏನಾಯಿತೆಂದು ಕೇಳುವ ಹಾಗಿರಲಿಲ್ಲ. ಅಮೆರಿಕದ ಭಾನುವಾರದ ಪಂದ್ಯ ಇಲ್ಲಿಗೆ ನಡುರಾತ್ರಿ, ಹಾಗಾಗಿ ನಾವು ಮನೆಯಲ್ಲಿ ಅದನ್ನು ಸೋಮವಾರ ಸಂಜೆ ನೋಡುವವರು, ಅದಕ್ಕೆ ಮೊದಲು ಯಾರೂ ಫಲಿತಾಂಶ ಹೇಳಕೂಡದು ಎಂದು ಟೀಚರ್ ಆಫೀಸಿಗೇ ಆಜ್ಞೆ ಹೊರಡಿಸಿದ್ದರು.

ಸಂಜೆ ಪಂದ್ಯ ಹಾಕಿದೆವು. ಬಾಸ್‌ನ ತಂಡ ಸ್ವಲ್ಪದರಲ್ಲಿ ಹಿಂದಿತ್ತು. ಕೆಲವೇ ಸೆಕೆಂಡು ಉಳಿದಿದ್ದವು. ಚೆಂಡು ಮದುಮಗನ ಕೈಗೆ ಬಂತು. ಅವನು ಬದಿಯ ಗೆರೆಯ ಪಕ್ಕದಲ್ಲೇ ಓಡುತ್ತಿದ್ದ, ಎದುರಿನಿಂದ ಮೂವರು ಬರುತ್ತಿದ್ದರು. ಹೊರಗೆ ಹೋಗುತ್ತಾನೆ ಎಂದು ನಾನೂ ಅಂದುಕೊಂಡೆ, ಆ ಮೂವರೂ ಅಂದುಕೊಂಡಿರಬೇಕು. ಅವನು ಹೋಗಲಿಲ್ಲ. ಅಂದು ಅವನಿಗೆ ಏನು ಹೊಕ್ಕಿತ್ತೋ, ಸರಕ್ಕನೆ ಒಳಗೆ ತಿರುಗಿ ಮೂವರ ನಡುವೆ ಹೆಗಲು ಕೊಟ್ಟು ನುಗ್ಗಿದ. ಒಬ್ಬ ಉರುಳಿದ. ಇಬ್ಬರು ಜೋತುಬಿದ್ದರು. ಮದುಮಗ ಅವರನ್ನು ಎಳೆದುಕೊಂಡು, ಸರ ಹರಿದುಕೊಂಡು, ಮಂಡಿಯೂರುವವರೆಗೂ ಹೋದ. ಕೊನೆಯ ಗೆರೆ ಕೈಯಳತೆಯಲ್ಲಿತ್ತು. ಅಷ್ಟರಲ್ಲಿ ಸಮಯ ಮುಗಿಯಿತು. ತಂಡ ಸೋತಿತು.

ಟೀಚರ್ ಸೋಫಾದಿಂದ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವರ ಕಣ್ಣು ಒದ್ದೆಯಾಗಿತ್ತು. “ಶಭಾಷ್ ಮಗ!” ಎಂದರು. “ಇವನನ್ನು ಇಷ್ಟು ದಿನ ಲಾಸ್ಟ್ ಇಟ್ಟದ್ದು ತಪ್ಪಾಯ್ತು ಮಾರಾಯ. ಫೋನ್ ಕೊಡು ಇಲ್ಲಿ.”

ಮರುದಿನ ಬೆಳಿಗ್ಗೆ ಬಾಸ್‌ನ ಕೋಣೆಯಲ್ಲಿ ಮೆಸೇಜ್ ಮೊಳಗಿತು. ಗೆಳೆಯ ತರ್ಜುಮೆ ಮಾಡಿದ: ನಿಮ್ಮ ಹುಡುಗ ಇವತ್ತು ಓಟಗಾರನಾದ, ನಾನು ಅವನಿಗೆ ಮೊದಲ ರ್‍ಯಾಂಕ್ ಕೊಟ್ಟಿದ್ದೇನೆ, ಸಿಹಿ ಹಂಚಿ.

ಬಾಸ್ ಕುರ್ಚಿಯಿಂದ ಎದ್ದರು. “ಮೊದಲನೆಯದಾ? ಆ ಮೂರ್ಖ ಗೆರೆ ದಾಟಿ ಹೊರಗೆ ಹೋಗಬೇಕಿತ್ತು! ಗಡಿಯಾರ ನಿಲ್ಲುತ್ತಿತ್ತು! ಇನ್ನೊಂದು ಅವಕಾಶ ಸಿಗುತ್ತಿತ್ತು, ಚೆಂಡನ್ನು ಕಂಬಗಳ ನಡುವೆ ಒದ್ದು ಗೆಲ್ಲುತ್ತಿದ್ದೆವು! ನನ್ನ ಪಟ್ಟಿಯಲ್ಲಿ ಅವನು ಇವತ್ತಿನಿಂದ ಕಟ್ಟಕಡೆ!”

ಮೇಜಿನ ಮೇಲಿನ ಫೋಟೋ ಗೋಡೆಯ ಕಡೆ ಮುಖ ಮಾಡಿ ನಿಂತಿರುವುದು ಆಗ ನನ್ನ ಕಣ್ಣಿಗೆ ಬಿತ್ತು.

ಆಮೇಲಿನ ವಾರಗಳಲ್ಲಿ ಎಲ್ಲವೂ ತಿರುಗಾಮುರುಗ. ಟೀಚರ್ ಮದುಮಗನನ್ನು ಹೊಗಳಿ ಮೆಸೇಜ್ ಕಳಿಸುವುದು, ಬಾಸ್ ಅವನನ್ನು ಬೈದು ಉತ್ತರಿಸುವುದು. ಕೋಪ ಇಳಿಯುವವರೆಗೆ ಬಾಸ್ ಅವನನ್ನು ತಮ್ಮ ಟೀಮಿನಲ್ಲಿ ಆಡಿಸದೆ ಬದಿಗೆ ಕೂರಿಸಿದರು. ಆ ವಾರಗಳಲ್ಲೇ ಅವನು ಅಲ್ಲಿ ಅತಿ ಹೆಚ್ಚು ಗಜ ಓಡಿದ್ದು, ಅದೊಂದೂ ಬಾಸ್‌ನ ಲೆಕ್ಕಕ್ಕೆ ಸೇರಲಿಲ್ಲ. ಹೀಗೆ ಬಾಸ್ ಕೂಡ ನನ್ನ ಸಮೀಪಕ್ಕೆ ಇಳಿದು ಬಂದರು. ಜನವರಿಯಲ್ಲಿ ಲೆಕ್ಕ ಮುಗಿದಾಗ ಗೆಳೆಯ ಮೊದಲಿಗ, ನಾನು ಕೊನೆಯವನು, ಬಾಸ್ ನನ್ನ ಮೇಲಿನ ಮೆಟ್ಟಿಲು.

ಕೊನೆಯವನಿಗೆ ಒಂದು ಶಿಕ್ಷೆ ಬೇಡವೇ ಎಂದು ಯಾರೋ ಮಾತು ತೆಗೆದರು. ಫೆಬ್ರವರಿಯಲ್ಲಿ ಇಲ್ಲಿ ಕ್ರೀಡಾ ದಿನ, ದೇಶಕ್ಕೇ ರಜೆ. ಕಂಪನಿಗಳೆಲ್ಲ ಟಿ-ಶರ್ಟ್ ಹಂಚಿ ಪಾರ್ಕುಗಳಲ್ಲಿ ಓಡಿಸುವ ದಿನ. ನಮ್ಮ ವಿಭಾಗಕ್ಕೂ ಅಕೌಂಟ್ಸಿಗೂ ಅಂದು ಇದೇ ಅಮೆರಿಕದ ಆಟ ನಡೆಸುವುದು, ನಮ್ಮ ಕಡೆಯ ರನ್ನಿಂಗ್ ಬ್ಯಾಕ್ ನಾನೇ ಆಗುವುದು ಎಂದು ತೀರ್ಮಾನವಾಯಿತು. ಮನೆಗೆ ಬಂದು ಹೇಳಿದಾಗ ಟೀಚರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಿಟ್ಟುಸಿರು ಬಿಟ್ಟರು.

“ನಾಳೆಯಿಂದ ಬೆಳಿಗ್ಗೆ ಬೇಗ ಏಳು,” ಎಂದರು.

ಆ ಕೆಲವು ವಾರ ಅಲ್ ಹಿಲಾಲ್‌ನ ಬೀದಿಯಲ್ಲಿ ನಾನು ತೆಂಗಿನಕಾಯಿ ಕಂಕುಳಲ್ಲಿ ಇಟ್ಟುಕೊಂಡು ಓಡಿದ್ದನ್ನು ನೋಡದವರಿಲ್ಲ. ವಾಕಿಂಗಿನ ಹೆಂಗಸರು ಎರಡು ಸಾಲಾಗಿ ನಿಂತು ನಾನು ನುಗ್ಗುವುದಕ್ಕೆ ಎದುರಾಳಿಗಳಾದರು. ಒಬ್ಬ ಅಜ್ಜಿಯನ್ನು ದಾಟಿ ಹೋಗಲು ನನಗೆ ಕೊನೆಯವರೆಗೂ ಸಾಧ್ಯವಾಗಲಿಲ್ಲ.

ಕ್ರೀಡಾ ದಿನದಂದು ಹೆಂಡತಿಗೆ ಡ್ಯೂಟಿ. ಟೀಚರ್ ನನ್ನ ಜೊತೆ ಬಂದರು, ಸೀರೆಯ ಮೇಲೆ ಕಂಪನಿಯ ಟಿ-ಶರ್ಟ್ ಹಾಕಿಕೊಂಡು. ನಮ್ಮಂಥವರ ಮೂಳೆ ಮುರಿಯದಿರಲಿ ಎಂದು ಆಟದ ನಿಯಮ ಸುಲಭ ಮಾಡಿದ್ದರು. ಪ್ರತಿಯೊಬ್ಬನ ಸೊಂಟದ ಪಟ್ಟಿಗೆ ಎರಡು ರಿಬ್ಬನ್ ಅಂಟಿಸಿರುತ್ತಾರೆ. ಕೆಡವುವ ಹಾಗಿಲ್ಲ, ಎದುರಾಳಿ ಒಂದು ರಿಬ್ಬನ್ ಎಳೆದು ತೆಗೆದರೆ ಓಟ ಅಲ್ಲಿಗೆ ಮುಗಿಯಿತು. ನಾನು ಬೆಚ್ಚಗಾಗಲು ನಾಲ್ಕು ಹೆಜ್ಜೆ ಓಡಿದಾಗಲೇ ನನ್ನ ರಿಬ್ಬನ್‌ಗಳು ತಾವಾಗಿ ಉದುರಿದವು.

“ಇದೆಂತ ಅವಲಕ್ಷಣ, ಬಾ ಇಲ್ಲಿ,” ಎಂದರು ಟೀಚರ್. ನನ್ನನ್ನು ತಿರುಗಿಸಿ ನಿಲ್ಲಿಸಿ ಹಿಂದೆ ಏನೋ ಸರಿಮಾಡಿದರು. “ಹೋಗು. ಗೆರೆ ದಾಟಿ ಹೊರಗೆ ಹೋದ್ರೆ ಮನೆಗೆ ಬರ್ಬೇಡ.”

ಆಟ ಶುರುವಾಗಿ ಬಹಳ ಹೊತ್ತು ಚೆಂಡು ನನ್ನ ಬಳಿ ಬರಲಿಲ್ಲ. ಬಂದಾಗ ಬಾಸ್ ಅದನ್ನು ನನ್ನ ಹೊಟ್ಟೆಗೆ ಒತ್ತಿ “ಯಲ್ಲಾ!” ಎಂದು ಕೂಗಿದರು. ನಾನು ಓಡಿದೆ. ಅಕೌಂಟ್ಸ್ ಗೆಳೆಯ ಬದಿಯಿಂದ ಬಂದು ನನ್ನ ರಿಬ್ಬನ್ನಿಗೆ ಕೈ ಹಾಕಿ ಎಳೆದ. ಅದು ಬರಲಿಲ್ಲ. ಮತ್ತೆ ಎಳೆದ. ಆಗಲೂ ಬರಲಿಲ್ಲ. ಬಿಡಲು ಅವನಿಗೆ ಮನಸ್ಸಿಲ್ಲ, ನಿಲ್ಲಲು ನನಗೆ ಗೊತ್ತಿಲ್ಲ. ಅವನು ಹಿಂದಿನಿಂದ ಎಳೆಸಿಕೊಂಡು ಬರತೊಡಗಿದ. ಇನ್ನೊಬ್ಬ ಬಂದು ಇನ್ನೊಂದು ರಿಬ್ಬನ್ ಹಿಡಿದ. ಅದೂ ಬರಲಿಲ್ಲ. ಮೂರನೆಯವನು ಗೆಳೆಯನ ಟಿ-ಶರ್ಟ್ ಹಿಡಿದ, ಯಾಕೆಂದು ಅವನಿಗೂ ಗೊತ್ತಿರಲಿಕ್ಕಿಲ್ಲ. “ಎಂತ ಮಾರಾಯ ಇದು, ಬರುದೇ ಇಲ್ಲ!” ಎಂದು ಗೆಳೆಯ ನನ್ನ ಬೆನ್ನ ಹಿಂದೆ ಒದರುವುದು ಕೇಳಿಸುತ್ತಿತ್ತು. ಎಲ್ಲೋ ಬಟ್ಟೆ ಹರಿಯುವ ಸದ್ದು. ಬದಿಯಲ್ಲಿ ಬಾಸ್ ಎರಡೂ ಕೈ ಮೇಲೆತ್ತಿ ನನ್ನ ಜೊತೆಗೇ ಓಡುತ್ತಿದ್ದರು. ಟೀಚರ್‌ನ ದನಿ ಇಡೀ ಪಾರ್ಕಿಗೆ ಕೇಳುವ ಹಾಗಿತ್ತು: “ಓಡು ಮಗ! ಬಗ್ಗಿ ಓಡು!”

ನಾನು ಆ ಮೂವರ ಜೊತೆ ಕೊನೆಯ ಗೆರೆ ದಾಟಿ ಬಿದ್ದೆ. ಬಿದ್ದಲ್ಲಿಂದ ಏಳದೆ ಹುಲ್ಲಿನ ಮೇಲೆ ಮಲಗಿ ನಕ್ಕೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಹೆಂಡತಿಗೆ ಹೇಳಿದ್ದೇನೆ, ಅವಳಿಗೂ ಅಂದು ಅಷ್ಟೇನೂ ಆಗಿರಲಿಲ್ಲವಂತೆ.

ರೆಫರಿಯಾಗಿದ್ದವರು ಎಚ್.ಆರ್. ವಿಭಾಗದ ಲೆಬನಾನಿನ ಮೇಡಂ. ಅವರು ಬಂದು ನನ್ನನ್ನು ಬೋರಲು ಹಾಕಿ ಪರೀಕ್ಷೆ ಮಾಡಿದರು. ಎರಡೂ ರಿಬ್ಬನ್‌ಗಳನ್ನು ಟ್ರ್ಯಾಕ್ ಪ್ಯಾಂಟಿಗೆ ಸೀರೆಯ ಸೇಫ್ಟಿ ಪಿನ್ನುಗಳಿಂದ ಭದ್ರವಾಗಿ ಚುಚ್ಚಲಾಗಿತ್ತು.

“ಮಾಫಿ ಪಾಯಿಂಟ್!” ಎಂದು, ಅಂದರೆ ಪಾಯಿಂಟ್ ಇಲ್ಲ ಎಂದು, ಮೇಡಂ ಘೋಷಿಸಿದರು.

ಟೀಚರ್ ಅಂಗಳಕ್ಕೆ ಇಳಿದರು. “ಪಿನ್ ಹಾಕಿದ್ದು ನಾನು,” ಎಂದರು ತಲೆಯೆತ್ತಿ. “ಉದುರುವ ಬಟ್ಟೆಗೆ ಪಿನ್ ಹಾಕದೆ ಮತ್ತೆಂತ ಮಾಡುದು? ಪಿನ್ ಹಾಕ್ಬಾರ್ದು ಅಂತ ರೂಲ್ ಎಲ್ಲುಂಟು, ತೋರಿಸ್ಲಿ.”

ಗೆಳೆಯ ಕೂತಲ್ಲಿಂದಲೇ ತರ್ಜುಮೆ ಮಾಡಿದ. ಮೇಡಂ ಬಳಿ ರೂಲ್ ಇರಲಿಲ್ಲ, ಪಾಯಿಂಟನ್ನೂ ಕೊಡಲಿಲ್ಲ. ನಾವು ಸೋತೆವು. ಬಾಸ್ ಮಾತ್ರ ನನ್ನ ಭುಜ ಹಿಡಿದು ಕುಲುಕುತ್ತಾ, ತಾವು ಜೀವಮಾನದಲ್ಲಿ ನೋಡಿದ ಓಟಗಳಲ್ಲಿ ಇದಕ್ಕೆ ಯಾವ ರ್‍ಯಾಂಕ್ ಕೊಡುವುದೆಂದು ಯೋಚಿಸಬೇಕಾಗಿದೆ ಎಂದರು. ಇನ್ನೂ ಹೇಳಿಲ್ಲ.

ಸಂಜೆ ನಾನು ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಾಗ ಟೀಚರ್ ಬಾಲ್ಕನಿಯಲ್ಲಿ ನಿಂತು ಊರಿಗೆ ಫೋನ್ ಮಾಡುತ್ತಿದ್ದರು. ಆ ಕಡೆ ಇದ್ದವರು ನಮ್ಮ ಶಾಲೆಯ ಹಳೆಯ ಹೆಡ್‌ಮಾಸ್ತರರು ಎಂದು ಮಾತಿನಲ್ಲೇ ತಿಳಿಯಿತು.

“ಹೌದು ಸರ್, ನಮ್ಮ ಅಳಿಯನೇ. ಮೂರು ಜನ ಹಿಡಿದದ್ದು ಸರ್, ದಾಂಡಿಗರು. ಮೂವರನ್ನೂ ಎಳ್ಕೊಂಡು ಗೆರೆ ದಾಟಿದ. ಇಲ್ಲ ಸರ್, ನಾನು ಎಂತ ಮಾಡಿದ್ದೂ ಇಲ್ಲ. ಅವನಿಗೆ ಮೊದಲಿಂದಲೇ ಉಂಟು ಅದು.”

ಪಿನ್ನಿನ ಮಾತು ಬರಲಿಲ್ಲ. ನಾನು ಮುಲಾಮಿನ ಡಬ್ಬಿಯ ಮುಚ್ಚಳವನ್ನು ಸದ್ದಾಗದ ಹಾಗೆ ಮುಚ್ಚಿ, ಇನ್ನೂ ಏನು ಹೇಳುತ್ತಾರೆ ಎಂದು ಕಿವಿಗೊಟ್ಟು ಕುಳಿತೆ.